ಕೊಡಗಿನ ಸಣ್ಣ ಆಸ್ಪತ್ರೆಗೆ ಎಲೆಕ್ಟ್ರಾನಿಕ್ ದಾಖಲೆ: ಕೌಂಟರ್‌ನಿಂದ ಶುರು ಮಾಡಿ, ಮಳೆಗೆ ಮುಂಚೆ ಸಿದ್ಧರಾಗಿ

ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರದಂಥ ಊರುಗಳಲ್ಲಿ ಇಪ್ಪತ್ತೋ ಮೂವತ್ತೋ ಹಾಸಿಗೆಯ ಆಸ್ಪತ್ರೆ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರೇ ಮಾಲೀಕರು, ಅವರ ಮನೆಯವರೇ ಲೆಕ್ಕ ನೋಡುವವರು, ಒಬ್ಬರು ಹಿರಿಯ ಸಿಸ್ಟರ್ ಇಡೀ ವಾರ್ಡು ಹೊತ್ತವರು. ಇಂಥ ಆಸ್ಪತ್ರೆಗೆ ಎಲೆಕ್ಟ್ರಾನಿಕ್ ದಾಖಲೆ ಯಾಕೆ ಬೇಕು ಅಂದರೆ, ನಮ್ಮ ರೋಗಿಗಳು ನಮ್ಮಲ್ಲೇ ನಿಲ್ಲುವುದಿಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಿಜ. ಆದರೂ ಎಷ್ಟೋ ದೊಡ್ಡ ಕೇಸುಗಳು ಮೈಸೂರಿಗೋ ಮಂಗಳೂರಿಗೋ ಹೋಗುತ್ತವೆ. ವಿರಾಜಪೇಟೆ ಕಡೆಯವರು ಮಾಕುಟ್ಟ ದಾಟಿ ಕಣ್ಣೂರಿಗೂ ಹೋಗುತ್ತಾರೆ.

ಹಾವು ಕಚ್ಚಿದ ಒಬ್ಬ ತೋಟದ ಕಾರ್ಮಿಕ ಸಂಜೆ ನಿಮ್ಮಲ್ಲಿಗೆ ಬಂದ ಅಂದುಕೊಳ್ಳಿ. ಕಚ್ಚಿದ್ದು ಎಷ್ಟು ಗಂಟೆಗೆ? 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಯಾವಾಗ ಮಾಡಿದಿರಿ, ಏನು ಬಂತು? ಆ್ಯಂಟಿ ವೆನಮ್ ಎಷ್ಟು ವಯಲ್ ಹೋಯಿತು, ರಿಯಾಕ್ಷನ್ ಆಯಿತಾ? ರಾತ್ರಿ ಅವನನ್ನು ಮೈಸೂರಿಗೆ ಕಳಿಸಿದರೆ, ಅಲ್ಲಿನ ಡ್ಯೂಟಿ ಡಾಕ್ಟರಿಗೆ ಇಷ್ಟೂ ಬೇಕು. ಸಿಗುವುದು ಸಾಮಾನ್ಯವಾಗಿ ಅರ್ಧ ಹಾಳೆಯ ರೆಫರಲ್ ಚೀಟಿ, ಅದರಲ್ಲಿ ಓದಲಾಗದ ನಾಲ್ಕು ಸಾಲು. ಜೊತೆಗೆ ಬಂದ ಮೇಸ್ತ್ರಿಗೆ ಭಾಷೆ ಬರುತ್ತದೆ, ವಿವರ ಗೊತ್ತಿಲ್ಲ. ಈ ಒಂದು ಕೆಲಸ ಸರಿಯಾದರೆ ಸಾಕು, ಕಂಪ್ಯೂಟರಿಗೆ ಹಾಕಿದ ದುಡ್ಡು ವಸೂಲಿ ಅಂತ ನಾನು ನಂಬುತ್ತೇನೆ. ಬಿಲ್ ಬೇಗ ಬರುವುದು, ಸ್ಟಾಕ್ ಲೆಕ್ಕ ಸಿಗುವುದು ಎಲ್ಲ ಆಮೇಲಿನ ಲಾಭ.

ಮೊದಲ ಹೆಜ್ಜೆ: ಹೊಣೆ ಹೊರುವವರು ಯಾರು?

ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡುವ ಮೊದಲು ಒಬ್ಬರನ್ನು ಗೊತ್ತು ಮಾಡಿ. ಅವರು ಕಂಪ್ಯೂಟರ್ ಓದಿದವರೇ ಆಗಬೇಕಿಲ್ಲ. ಆಸ್ಪತ್ರೆಯ ಮೂಲೆ ಮೂಲೆ ಗೊತ್ತಿರುವವರು, ಡಾಕ್ಟರ ಎದುರು "ಸಾರ್, ಇದು ಹೀಗೆ ಆಗಲ್ಲ" ಅಂತ ಹೇಳುವ ಧೈರ್ಯ ಇರುವವರು ಆಗಬೇಕು. ನನ್ನ ಅನುಭವದಲ್ಲಿ ಇದಕ್ಕೆ ಸರಿಯಾದವರು ವಾರ್ಡಿನ ಹಿರಿಯ ಸಿಸ್ಟರ್. ಅವರ ಮಾತಿಗೆ ಉಳಿದ ಸಿಸ್ಟರ್‌ಗಳು ಬೆಲೆ ಕೊಡುತ್ತಾರೆ. ಅವರಿಗೆ ಈ ಕೆಲಸಕ್ಕೆಂದೇ ವಾರದಲ್ಲಿ ಒಂದಷ್ಟು ಗಂಟೆ ಬಿಡುವು ಕೊಡಿ. ಡ್ಯೂಟಿ ಮುಗಿಸಿ ಇದನ್ನೂ ಮಾಡಿ ಅಂದರೆ ಎರಡೂ ಕೆಡುತ್ತದೆ.

ಎರಡನೇ ಹೆಜ್ಜೆ: ಒಂದು ಚೀಟಿಯ ಹಿಂದೆ ನಡೆಯಿರಿ

ಒಂದು ಸೋಮವಾರ ಬೆಳಿಗ್ಗೆ ಓಪಿ ಕೌಂಟರ್ ಹತ್ತಿರ ನಿಲ್ಲಿ. ಒಬ್ಬ ರೋಗಿಯ ಚೀಟಿ ಎಲ್ಲೆಲ್ಲಿ ಹೋಗುತ್ತದೋ ಅದರ ಹಿಂದೆಯೇ ಹೋಗಿ. ಕೌಂಟರ್, ಬಿಪಿ ನೋಡುವ ಟೇಬಲ್, ಡಾಕ್ಟರ ಕೋಣೆ, ಲ್ಯಾಬ್, ಮತ್ತೆ ಡಾಕ್ಟರು, ಫಾರ್ಮಸಿ, ಕ್ಯಾಶ್. ಎಲ್ಲೆಲ್ಲಿ ಅದೇ ಹೆಸರು, ಅದೇ ವಯಸ್ಸನ್ನು ಮತ್ತೆ ಮತ್ತೆ ಬರೆಯುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಎಲ್ಲಿ ಚೀಟಿ ಸುಮ್ನೆ ಕಾಯುತ್ತಾ ಕೂತಿರುತ್ತದೆ ಅಂತಲೂ ನೋಡಿ. ಇದೇ ರೀತಿ ಒಬ್ಬ ಒಳರೋಗಿಯ ಕೇಸ್ ಶೀಟಿನ ಜೊತೆ ಅಡ್ಮಿಷನ್‌ನಿಂದ ಡಿಸ್ಚಾರ್ಜ್‌ವರೆಗೆ ಹೋಗಿ.

ಹಾಗೆ ನಡೆದರೆ ಎಷ್ಟೋ ರಿಜಿಸ್ಟರ್‌ಗಳನ್ನು ಯಾರೂ ಓದುವುದೇ ಇಲ್ಲ ಅಂತ ಗೊತ್ತಾಗುತ್ತದೆ. ಅವನ್ನು ಈಗಲೇ ನಿಲ್ಲಿಸಿ. ಆದರೆ ಕಾನೂನು ಕೇಳುವ ರಿಜಿಸ್ಟರ್‌ಗಳನ್ನು ಮುಟ್ಟಬೇಡಿ. ಸ್ಕ್ಯಾನಿಂಗ್ ಇದ್ದರೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಫಾರ್ಮ್ ಎಫ್, ಫಾರ್ಮಸಿಯಲ್ಲಿ ಷೆಡ್ಯೂಲ್ ಎಚ್1 ಔಷಧಿಗಳ (ಮಾರಾಟದ ಲೆಕ್ಕ ಬರೆದಿಡಬೇಕಾದ ಔಷಧಿಗಳ) ರಿಜಿಸ್ಟರ್, ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ಕೇಸುಗಳ ಎಂಎಲ್‌ಸಿ ರಿಜಿಸ್ಟರ್. ಎಚ್1 ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಹೊಸ ಸಾಫ್ಟ್‌ವೇರ್ ಈ ರಿಜಿಸ್ಟರ್‌ಗಳನ್ನು ಕಾನೂನು ಕೇಳುವ ರೂಪದಲ್ಲೇ ಪ್ರಿಂಟ್ ಕೊಡುತ್ತದಾ ಅಂತ ಮುಂದೆ ಕೇಳಬೇಕಾಗುತ್ತದೆ. ಹಾಗಾಗಿ ಈಗಲೇ ಪಟ್ಟಿ ಮಾಡಿಡಿ.

ಆಮೇಲೆ ಪಟ್ಟಿಗಳ ಕೆಲಸ. ಔಷಧಿ, ಲ್ಯಾಬ್ ಟೆಸ್ಟ್, ಹಾಸಿಗೆ, ದರ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಔಷಧಿ ಪಟ್ಟಿಯಲ್ಲಿ ಪ್ಯಾರಾಸಿಟಮಾಲ್ 650 ಒಂದು ಸಲ, ಅದರದೇ ಬ್ರಾಂಡ್ ಹೆಸರು ಮೂರು ಸಲ, ಸ್ಪೆಲ್ಲಿಂಗ್ ತಪ್ಪಿ ಇನ್ನೆರಡು ಸಲ ಇದ್ದರೆ ಮುಂದೆ ಯಾವ ಸ್ಟಾಕ್ ಲೆಕ್ಕವೂ ಸರಿಬರುವುದಿಲ್ಲ. ಪ್ರತಿ ಔಷಧಿಗೂ ಜೆನರಿಕ್ ಹೆಸರು ಮುಖ್ಯವಾಗಿರಲಿ, ಬ್ರಾಂಡ್ ಹೆಸರು ಅದರ ಕೆಳಗೆ ಬರಲಿ. ಹೀಗೆ ಮಾಡಿದರೆ ಅಲರ್ಜಿ ಎಚ್ಚರಿಕೆಯೂ ಸರಿಯಾಗಿ ಕೆಲಸ ಮಾಡುತ್ತದೆ. ಪೆನ್ಸಿಲಿನ್ ಆಗದವರಿಗೆ ಅಮಾಕ್ಸಿಸಿಲಿನ್ ಇರುವ ಯಾವ ಬ್ರಾಂಡ್ ಬರೆದರೂ ಪರದೆ ಕೆಂಪಾಗಬೇಕು.

ಮೂರನೇ ಹೆಜ್ಜೆ: ಒಬ್ಬರಿಗೆ ಒಂದೇ ನಂಬರ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊಡಗಿನಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಇದೇ.

ಹೊರಗಿನ ಊರುಗಳಿಗೆ ಅಂತ ಮಾಡಿದ ಸಾಫ್ಟ್‌ವೇರ್ ಹೆಸರು ಮತ್ತು ಮೊಬೈಲ್ ನಂಬರ್ ನೋಡಿ ರೋಗಿಯನ್ನು ಹುಡುಕುತ್ತದೆ. ನಮ್ಮಲ್ಲಿ ಅದು ಎರಡೂ ಕಡೆ ಕೈಕೊಡುತ್ತದೆ. ಒಂದೇ ದಿನ ಓಪಿಯಲ್ಲಿ ಮೂವರು ಪೊನ್ನಮ್ಮ ಬರಬಹುದು, ಮೂವರಿಗೂ ಅರವತ್ತು ದಾಟಿರಬಹುದು. ಮುತ್ತಪ್ಪ ಅನ್ನುವ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಎರಡು ಟಿ ಹಾಕಿ ಬರೆದರೆ ಇನ್ನೊಬ್ಬರು ಟಿ ಜೊತೆ ಎಚ್ ಸೇರಿಸುತ್ತಾರೆ. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಮನೆ ಹೆಸರನ್ನು ಕೆಲವರು ಪೂರ್ತಿ ಹೇಳುತ್ತಾರೆ, ಕೆಲವರು ಇನಿಷಿಯಲ್ ಮಾತ್ರ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಳೆ ಚೀಟಿ ತವರಿನ ಮನೆ ಹೆಸರಲ್ಲಿ, ಹೊಸದು ಗಂಡನ ಮನೆ ಹೆಸರಲ್ಲಿ.

ಇನ್ನು ಮೊಬೈಲ್. ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಕಾಫಿ ಕೊಯ್ಲಿಗೆ ಬಂದವರು ಕೌಂಟರಿನಲ್ಲಿ ಕೊಡುವುದು ತೋಟದ ಲೆಕ್ಕ ನೋಡುವ ಎಸ್ಟೇಟ್ ರೈಟರ್ ನಂಬರ್. ಒಂದೇ ನಂಬರಿಗೆ ಇಡೀ ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಯವರು. ಹಾಡಿಯಿಂದ (ಆದಿವಾಸಿಗಳ ವಸತಿಯಿಂದ) ಬರುವ ಎರವ, ಜೇನು ಕುರುಬ ಕುಟುಂಬಗಳಲ್ಲಿ ಎಷ್ಟೋ ಜನರ ಹತ್ತಿರ ಫೋನೇ ಇರುವುದಿಲ್ಲ, ಇದ್ದರೂ ನಂಬರ್ ಬದಲಾಗುತ್ತಿರುತ್ತದೆ. ಹಾಡಿಯ ಸಿಕಲ್ ಸೆಲ್ (ಆನುವಂಶಿಕ ರಕ್ತದ ಕಾಯಿಲೆ) ರೋಗಿಯ ದಾಖಲೆ ಇನ್ನೊಬ್ಬರ ಹೆಸರಿಗೆ ಬಿದ್ದರೆ ಏನಾಗಬಹುದು ಅಂತ ಯೋಚಿಸಿ.

ಅದಕ್ಕೆ ಈ ಪದ್ಧತಿ ಮಾಡಿಕೊಳ್ಳಿ. ಮೊದಲ ಭೇಟಿಯಲ್ಲೇ ಆಸ್ಪತ್ರೆಯದೇ ಒಂದು ಶಾಶ್ವತ ನಂಬರ್ ಕೊಡಿ. ಬಾರ್‌ಕೋಡ್ ಇರುವ ಪುಟ್ಟ ಪ್ಲಾಸ್ಟಿಕ್ ಕಾರ್ಡ್ ಆದರೆ ಒಳ್ಳೆಯದು, ಮಳೆಯಲ್ಲಿ ನೆನೆದರೂ ಉಳಿಯುತ್ತದೆ. ಕೌಂಟರಿನ ಫಾರ್ಮಿನಲ್ಲಿ ಇಷ್ಟು ಇರಲಿ: ಕರೆಯುವ ಹೆಸರು, ಮನೆ ಹೆಸರು, ತಂದೆ ಅಥವಾ ತಾಯಿಯ ಹೆಸರು, ಹುಟ್ಟಿದ ವರ್ಷ, ಊರು ಅಥವಾ ಎಸ್ಟೇಟ್ ಅಥವಾ ಹಾಡಿಯ ಹೆಸರು, ಫೋನ್ ನಂಬರ್, ಆ ಫೋನ್ ಯಾರದು. ಕೊನೆಯದನ್ನು ಮರೆಯಲೇಬೇಡಿ. "ರೈಟರ್ ಫೋನ್" ಅಂತ ಗುರುತಿರುವ ನಂಬರಿಗೆ ಲ್ಯಾಬ್ ರಿಪೋರ್ಟ್ ಹೋಗದಂತೆ ಸಾಫ್ಟ್‌ವೇರಿನಲ್ಲೇ ತಡೆ ಹಾಕಿಸಿ. ವಯಸ್ಸು ಕೇಳಿದರೆ "ಐವತ್ತೋ ಐವತ್ತೈದೋ" ಅನ್ನುವವರಿಗೆ ಅಂದಾಜು ವರ್ಷ ಹಾಕಿ, ಪಕ್ಕದಲ್ಲಿ ಅಂದಾಜು ಅಂತ ಟಿಕ್ ಮಾಡುವ ಸೌಲಭ್ಯ ಇರಲಿ.

ಕೌಂಟರಿನ ಹುಡುಗಿಗೆ ಒಂದು ಅಭ್ಯಾಸ ಕಲಿಸಿ. "ಮೊದಲು ಬಂದಿದ್ದೀರಾ?" ಅಂತ ಕೇಳಿದರೆ ಅವಸರದಲ್ಲಿ ಎಲ್ಲರೂ ಇಲ್ಲ ಅನ್ನುತ್ತಾರೆ. ಬದಲಿಗೆ "ಯಾವ ಊರು ಅಕ್ಕ? ಮನೆ ಹೆಸರು ಏನು?" ಅಂತ ಕೇಳಿ, ಊರಿನಿಂದ ಹುಡುಕಲಿ. ಹಳೆ ದಾಖಲೆ ಸಿಕ್ಕರೆ, ತಾಯಿಯ ಹೆಸರನ್ನು ರೋಗಿಯೇ ಹೇಳುವಂತೆ ಮಾಡಿ ಖಚಿತಪಡಿಸಿಕೊಳ್ಳಲಿ. "ನಿಮ್ಮ ಅಮ್ಮನ ಹೆಸರು ಕಾವೇರಮ್ಮ ಅಲ್ವಾ?" ಅಂತ ತಾನೇ ಹೇಳಿಬಿಟ್ಟರೆ, ಕಿವಿ ಕೇಳದವರೂ ಭಾಷೆ ಬಾರದವರೂ ಹೂಂ ಅಂದುಬಿಡುತ್ತಾರೆ.

ಹೆಸರುಗಳನ್ನು ಕನ್ನಡದಲ್ಲೂ ಹಾಕುವಿರಾದರೆ ಯೂನಿಕೋಡ್ ಕನ್ನಡವೇ ಆಗಬೇಕು ಅಂತ ಹಠ ಹಿಡಿಯಿರಿ. ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ.

ನಾಲ್ಕನೇ ಹೆಜ್ಜೆ: ಕರೆಂಟು, ನೆಟ್ಟು, ನೀರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಮರ ಬಿದ್ದು ಲೈನ್ ಹರಿಯುವುದು ಹೊಸತೇನಲ್ಲ. ಕೆಲವು ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ನೆಟ್ ಇಲ್ಲದಿದ್ದರೆ ಪರದೆಯೇ ತೆರೆಯದ, ಪೂರ್ತಿ ಕ್ಲೌಡ್ ಮೇಲೆ ನಿಂತ ಸಾಫ್ಟ್‌ವೇರ್ ಬೆಂಗಳೂರಿಗೆ ಸರಿ, ಶಾಂತಳ್ಳಿಗೋ ಕುಟ್ಟಕ್ಕೋ ಆಗುವುದಿಲ್ಲ. ನನ್ನ ಸಲಹೆ: ಸರ್ವರ್ ಆಸ್ಪತ್ರೆಯೊಳಗೇ ಇರಲಿ, ಒಳಗಿನ ನೆಟ್‌ವರ್ಕಿನಲ್ಲೇ ಎಲ್ಲ ಕೆಲಸ ನಡೆಯಲಿ, ನೆಟ್ ಬಂದಾಗ ಒಂದು ಪ್ರತಿ ಕ್ಲೌಡಿಗೆ ತಾನಾಗಿ ಹೋಗಲಿ. ಇಂಟರ್ನೆಟ್ ಎರಡು ಬೇರೆ ಬೇರೆ ಕಂಪನಿಯದಿರಲಿ. ಒಂದು ಫೈಬರ್, ಇನ್ನೊಂದು ಮೊಬೈಲ್ ಸಿಮ್ಮಿನದು. ಎರಡೂ ಒಂದೇ ಕಂಬದ ಮೇಲೆ ಬರುವ ಫೈಬರ್ ಆದರೆ, ಒಂದು ಮರ ಬಿದ್ದರೆ ಎರಡೂ ಹೋಗುತ್ತವೆ.

ಕೌಂಟರಿಗೂ ವಾರ್ಡಿಗೂ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಕೊಳ್ಳಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬ್ಯಾಟರಿ ಒಳಗೇ ಇದೆ. ಆಗ ಯುಪಿಎಸ್ ಮೇಲೆ ಸರ್ವರ್, ನೆಟ್‌ವರ್ಕ್ ಸ್ವಿಚ್ ಮತ್ತು ಒಂದು ಪ್ರಿಂಟರ್ ಮಾತ್ರ ಉಳಿಯುತ್ತದೆ. ಲೇಸರ್ ಪ್ರಿಂಟರ್ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ. ಅದಕ್ಕೆ ಬೇರೆ ಯುಪಿಎಸ್ ಕೊಡಿ, ಸರ್ವರ್ ಜೊತೆ ಸೇರಿಸಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಕಂಪ್ಯೂಟರಿಗೆ ಮಳೆಗಿಂತ ದೊಡ್ಡ ಶತ್ರು. ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸಿ, ಬಾಯಿಮಾತು ನಂಬಬೇಡಿ. ಹಳೆ ಕಟ್ಟಡದಿಂದ ಹೊಸ ಕಟ್ಟಡಕ್ಕೆ ನೆಟ್‌ವರ್ಕ್ ಎಳೆಯುವುದಾದರೆ ತಾಮ್ರದ ಕೇಬಲ್ ಬೇಡ, ಫೈಬರ್ ಹಾಕಿಸಿ. ತಾಮ್ರ ಸಿಡಿಲನ್ನೂ ಜೊತೆಗೆ ಕರೆತರುತ್ತದೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಸರ್ವರ್ ನೆಲಮಹಡಿಯಲ್ಲಿ ಬೇಡ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನೆನಪಿದೆ ಅಲ್ವಾ? ನದಿ ಹತ್ತಿರ ಇಲ್ಲದಿದ್ದರೂ ಶೀತ ಇದ್ದೇ ಇದೆ. ಗೋಡೆ ಬೆವರುವ ಕೋಣೆಯಲ್ಲಿ ಇಡಬೇಡಿ, ಆಗುವುದಾದರೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಒಂದು ಇಡಿ.

ಪ್ರಿಂಟಿನ ಬಗ್ಗೆ ಒಂದು ಮಾತು. ಇಂಕ್‌ಜೆಟ್‌ನಲ್ಲಿ ತೆಗೆದ ಡಿಸ್ಚಾರ್ಜ್ ಸಮ್ಮರಿ ಮಳೆಗೆ ನೆನೆದರೆ ಶಾಯಿ ಹರಡಿ ಏನೂ ಉಳಿಯುವುದಿಲ್ಲ. ಬಿಲ್ಲಿಗೆ ಬಳಸುವ ಥರ್ಮಲ್ ಕಾಗದ ತಿಂಗಳುಗಳಲ್ಲಿ ಮಾಸುತ್ತದೆ. ರೋಗಿಯ ಕೈಗೆ ಹೋಗುವ ಮುಖ್ಯ ಕಾಗದಗಳಿಗೆ ಲೇಸರ್ ಪ್ರಿಂಟೇ ಇರಲಿ. ರೆಫರ್ ಮಾಡುವಾಗ ಮೊಬೈಲಿಗೂ ಕಳಿಸಿ, ಪ್ರಿಂಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ. ಸಂಪಾಜೆ ಘಾಟಿಯಲ್ಲೂ ಮಾಕುಟ್ಟದ ಕಾಡಿನಲ್ಲೂ ಫೋನ್ ನೆಚ್ಚಿಕೊಂಡು ಕೂರಲು ಆಗುವುದಿಲ್ಲ.

ಮಳೆಗಾಲದ ಡಬ್ಬಿ

ಎಷ್ಟೇ ತಯಾರಿ ಮಾಡಿದರೂ ಒಂದು ರಾತ್ರಿ ಎಲ್ಲ ನಿಂತುಹೋಗುತ್ತದೆ. ಆ ರಾತ್ರಿಗಾಗಿ ಪ್ರತಿ ವಾರ್ಡಿನಲ್ಲಿ, ಓಪಿಯಲ್ಲಿ, ಲ್ಯಾಬಿನಲ್ಲಿ ಮುಚ್ಚಳ ಇರುವ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಇಡಿ. ಒಳಗೆ ಖಾಲಿ ಕೇಸ್ ಶೀಟ್, ಔಷಧಿ ಚಾರ್ಟ್, ಲ್ಯಾಬ್ ಫಾರ್ಮ್, ಪೆನ್ನು, ಟಾರ್ಚ್, ಮೊದಲೇ ನಂಬರ್ ಹಾಕಿದ ತಾತ್ಕಾಲಿಕ ಸ್ಟಿಕ್ಕರ್‌ಗಳು. ಸ್ಟಿಕ್ಕರ್ ಮೇಲೆ ಮಳೆ-1, ಮಳೆ-2 ಅಂತ ಇದ್ದರೆ ಯಾರಿಗೂ ಗೊಂದಲವಾಗುವುದಿಲ್ಲ. ಮಳೆಗಾಲದಲ್ಲಿ ಪ್ರತಿ ಶಿಫ್ಟ್ ಬದಲಾಗುವಾಗ ವಾರ್ಡಿನಲ್ಲಿರುವ ರೋಗಿಗಳ ಪಟ್ಟಿ ಪ್ರಿಂಟ್ ತೆಗೆದು ಡಬ್ಬಿಯಲ್ಲಿಡಿ. ಹೆಸರು, ಹಾಸಿಗೆ, ಅಲರ್ಜಿ, ನಡೆಯುತ್ತಿರುವ ಔಷಧಿ, ಮುಂದಿನ ಡೋಸ್ ಎಷ್ಟು ಹೊತ್ತಿಗೆ. ಸಿಸ್ಟಂ ಮತ್ತೆ ಬಂದಾಗ ಕಾಗದದಲ್ಲಿ ಬರೆದದ್ದನ್ನು ಯಾರು ಒಳಗೆ ಹಾಕಬೇಕು, ಎಷ್ಟು ಗಂಟೆಯೊಳಗೆ ಹಾಕಬೇಕು ಅಂತ ಡಬ್ಬಿಯ ಮುಚ್ಚಳದ ಒಳಗೇ ಅಂಟಿಸಿಡಿ. ಮಳೆ ಶುರುವಾಗುವ ಮುಂಚೆ ಒಮ್ಮೆ ಬೇಕಂತಲೇ ಸರ್ವರ್ ನಿಲ್ಲಿಸಿ ಅಭ್ಯಾಸ ಮಾಡಿ. ಈ ಡಬ್ಬಿ ತಯಾರಾಗದೆ ಸಿಸ್ಟಂ ಶುರು ಮಾಡಬೇಡಿ ಅಂತಲೇ ಹೇಳುತ್ತೇನೆ.

ಐದನೇ ಹೆಜ್ಜೆ: ಸಾಫ್ಟ್‌ವೇರ್ ಆರಿಸುವುದು

ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಗಳಾದ ಎನ್‌ಐಸಿಯ ಇ-ಹಾಸ್ಪಿಟಲ್, ಸಿ-ಡ್ಯಾಕ್‌ನ ಇ-ಸುಶ್ರುತ ಇವೆ. ಖಾಸಗಿಯವರಿಗೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬಹ್ಮನಿ ಅನ್ನುವ ಓಪನ್ ಸೋರ್ಸ್ ವ್ಯವಸ್ಥೆಯೂ ಇದೆ. ಅದು ಹುಟ್ಟಿದ್ದು ಛತ್ತೀಸ್‌ಗಢದ ಗನಿಯಾರಿಯಲ್ಲಿ, ಜನ ಸ್ವಾಸ್ಥ್ಯ ಸಹಯೋಗ ನಡೆಸುವ ಹಳ್ಳಿ ಆಸ್ಪತ್ರೆಯ ಅಗತ್ಯಕ್ಕೆ. ಓಪನ್‌ಎಂಆರ್‌ಎಸ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ದಾಖಲೆ ವ್ಯವಸ್ಥೆಯ ಮೇಲೆ ಕಟ್ಟಿದ್ದು, ಲೈಸೆನ್ಸ್ ಫೀಸ್ ಇಲ್ಲ. ಆದರೆ ಕೂರಿಸಿ, ನೋಡಿಕೊಳ್ಳುವವರಿಗೆ ದುಡ್ಡು ಕೊಡಲೇಬೇಕು. ಹತ್ತಿರದಲ್ಲಿ ಅಂಥವರು ಸಿಗುತ್ತಾರಾ ಅಂತ ಮೊದಲು ನೋಡಿ.

ಯಾವುದೇ ಆಗಲಿ, ಡೆಮೋ ಕೊಡುವವರ ಲ್ಯಾಪ್‌ಟಾಪಿನಲ್ಲಿ ನೋಡಿ ಒಪ್ಪಬೇಡಿ. ನಿಮ್ಮ ಸಿಸ್ಟರ್ ಕೈಯಲ್ಲಿ ಮಾಡಿಸಿ. ರಾತ್ರಿ ಬಂದ ಹಾವಿನ ಕೇಸು ಅಡ್ಮಿಟ್ ಮಾಡಿ, ಆ್ಯಂಟಿ ವೆನಮ್ ಸಮಯ ಹಾಕಿ, ರೆಫರಲ್ ಪ್ರಿಂಟ್ ತೆಗೆಯಿರಿ ಅನ್ನಿ. ಎಷ್ಟು ಕ್ಲಿಕ್, ಎಷ್ಟು ನಿಮಿಷ ಅಂತ ಪಕ್ಕದಲ್ಲಿ ನಿಂತು ನೋಡಿ. ಆಮೇಲೆ ನೆಟ್ ಕೇಬಲ್ ಕಿತ್ತು ಅದನ್ನೇ ಮತ್ತೆ ಮಾಡಿಸಿ.

ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಹಲವು, ಆದರೆ ಎಲ್ಲಕ್ಕಿಂತ ಮುಖ್ಯ ಒಂದು: ನಾವು ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಡೇಟಾ ನಮಗೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ ಸಿಗುತ್ತದೆ? ಉತ್ತರ ಕರಾರಿನಲ್ಲಿ ಬರೆದಿರಬೇಕು. ಪಿಡಿಎಫ್ ರಾಶಿ ಕೊಡುತ್ತೇವೆ ಅಂದರೆ ಸಾಲದು, ಇನ್ನೊಂದು ಸಾಫ್ಟ್‌ವೇರ್ ಓದುವಂಥ ರೂಪ ಬೇಕು. ದೇಶದಲ್ಲಿ ಈಗ ಅದಕ್ಕೆ ಎಫ್‌ಎಚ್‌ಐಆರ್ ಅನ್ನುವ ಮಾನದಂಡ ಬಳಸುತ್ತಾರೆ. ಕೇಂದ್ರ ಆರೋಗ್ಯ ಇಲಾಖೆ 2013ರಲ್ಲಿ ತಂದು 2016ರಲ್ಲಿ ಪರಿಷ್ಕರಿಸಿದ ಇಎಚ್‌ಆರ್ (ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ) ಮಾನದಂಡಗಳನ್ನು ಪಾಲಿಸುತ್ತದಾ, ರೋಗದ ಹೆಸರಿಗೆ ಐಸಿಡಿ ಮತ್ತು ಸ್ನೋಮೆಡ್ ಕೋಡ್ ಬಳಸುತ್ತದಾ ಅಂತಲೂ ಕೇಳಿ. ಸ್ನೋಮೆಡ್ ಬಳಸಲು ಭಾರತದಲ್ಲಿ ಶುಲ್ಕ ಇಲ್ಲ, ಆ ಹೆಸರಲ್ಲಿ ಯಾರಾದರೂ ಬಿಲ್ ಹಾಕಿದರೆ ಪ್ರಶ್ನೆ ಮಾಡಿ.

ಲ್ಯಾಬ್ ಯಂತ್ರಗಳು ನೇರವಾಗಿ ಜೋಡಣೆ ಆಗುತ್ತವಾ ಅಂತ ತಪ್ಪದೆ ನೋಡಿ. ಯಂತ್ರದ ಪರದೆ ನೋಡಿ ಕೈಯಲ್ಲಿ ಟೈಪ್ ಮಾಡುವಾಗ ಒಂದು ಚುಕ್ಕೆ ತಪ್ಪಿದರೆ 1.2 ಇದ್ದ ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್) 12 ಆಗುತ್ತದೆ.

ಆರನೇ ಹೆಜ್ಜೆ: ಯಾವಾಗ, ಯಾವ ಕ್ರಮದಲ್ಲಿ

ಎಲ್ಲವನ್ನೂ ಒಂದೇ ದಿನ ಶುರು ಮಾಡುವುದು ಬೇಡವೇ ಬೇಡ. ನಮ್ಮ ಜಿಲ್ಲೆಯ ಕ್ಯಾಲೆಂಡರ್ ನೋಡಿ ದಿನ ಇಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್ ಬೇಡ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬ ಅಂತ ಸಿಬ್ಬಂದಿ ರಜೆ ಹಾಕುತ್ತಾರೆ, ಹಾಕಬೇಕಾದದ್ದೇ. ಈ ತಿಂಗಳುಗಳನ್ನು ಪಟ್ಟಿ ಕೆಲಸಕ್ಕೆ, ವೈರಿಂಗಿಗೆ ಬಳಸಿ. ಫೆಬ್ರವರಿಯಲ್ಲಿ ರಿಜಿಸ್ಟ್ರೇಷನ್ ಕೌಂಟರ್ ಮಾತ್ರ ಶುರು ಮಾಡಿ. ರೊಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ಕಾರ್ಮಿಕರ ಹೆಸರು, ನಂಬರಿನ ತೊಂದರೆಗಳೆಲ್ಲ ಆಗಲೇ ಬಯಲಿಗೆ ಬರುತ್ತವೆ. ಏಪ್ರಿಲ್ 1ರಿಂದ ಬಿಲ್ಲಿಂಗ್ ಮತ್ತು ಫಾರ್ಮಸಿ. ಹೊಸ ಆರ್ಥಿಕ ವರ್ಷದ ಮೊದಲ ದಿನವಾದ್ದರಿಂದ ಆಡಿಟರಿಗೂ ಸುಲಭ. ಏಪ್ರಿಲ್ ಕೊನೆಗೆ ಲ್ಯಾಬ್, ಮೇ ತಿಂಗಳಲ್ಲಿ ಡಿಸ್ಚಾರ್ಜ್ ಸಮ್ಮರಿ ಮತ್ತು ರೆಫರಲ್. ಮಳೆ ಬರುವ ಹೊತ್ತಿಗೆ ಎಲ್ಲರ ಕೈ ಪಳಗಿರುತ್ತದೆ.

ಡಾಕ್ಟರು ಪರದೆ ಮೇಲೆ ಬರೆಯುವುದು ಕೊನೆಗೆ ಬರಲಿ. ಪರದೆ ನೋಡುತ್ತಾ ರೋಗಿಯ ಮುಖ ನೋಡದ ಡಾಕ್ಟರು ಯಾರಿಗೂ ಬೇಡ. ಓಪಿ ನೋಟ್ಸ್ ಕೈಯಲ್ಲೇ ಬರೆದು, ಅದನ್ನು ಸ್ಕ್ಯಾನ್ ಮಾಡಿ ದಾಖಲೆಗೆ ಸೇರಿಸುವುದು ಮೊದಲ ವರ್ಷಕ್ಕೆ ಸಾಕು. ಪ್ರಿಸ್ಕ್ರಿಪ್ಷನ್ ಮಾತ್ರ ಬೇಗ ಕಂಪ್ಯೂಟರಿಗೆ ಬರಲಿ. ಔಷಧಿಯ ಜೆನರಿಕ್ ಹೆಸರನ್ನು ಓದುವಂತೆ ಬರೆಯಬೇಕು ಅಂತ ವೈದ್ಯಕೀಯ ಪರಿಷತ್ತಿನ ನಿಯಮ 2016ರಿಂದಲೇ ಇದೆ.

ಹಳೆ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿಸಲು ಹೋಗಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ, ಹೃದಯದ ತೊಂದರೆಯವರು ಮುಂದಿನ ಸಲ ಬಂದಾಗ ಅವರ ಕೊನೆಯ ಡಿಸ್ಚಾರ್ಜ್ ಸಮ್ಮರಿ, ಈಗಿನ ಔಷಧಿ, ಅಲರ್ಜಿ ಇಷ್ಟನ್ನು ಸೇರಿಸಿ. 2018ರಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಂಥ ಜನರ ಹತ್ತಿರ ಹಳೆ ಚೀಟಿ ಎಲ್ಲಿಂದ ಬರಬೇಕು? ಅವರ ದಿನದ ಮಾತ್ರೆ ಯಾವುದು ಅನ್ನುವುದು ನಿಮ್ಮಲ್ಲಾದರೂ ಇರಬೇಕು. ಎಂಎಲ್‌ಸಿ ಫೈಲ್‌ಗಳ ಮೂಲ ಕಾಗದ, ಆನೆ ತುಳಿದ ಕೇಸುಗಳ ಗಾಯದ ವಿವರ ಸೇರಿದಂತೆ, ಹಾಗೇ ಭದ್ರವಾಗಿರಲಿ. ಪರಿಹಾರಕ್ಕೂ ಕೋರ್ಟಿಗೂ ಬೇಕಾಗುತ್ತದೆ. ಒಳರೋಗಿಗಳ ದಾಖಲೆ ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ಸಂಹಿತೆ ಹೇಳುತ್ತದೆ.

ತರಬೇತಿಯನ್ನು ಕಂಪನಿಯವರ ಒಂದು ದಿನದ ಭಾಷಣಕ್ಕೆ ಬಿಡಬೇಡಿ. ಶಿಫ್ಟಿಗೆ ಒಬ್ಬರನ್ನು ಚೆನ್ನಾಗಿ ತಯಾರು ಮಾಡಿ, ಉಳಿದವರು ಅವರ ಪಕ್ಕ ಕೂತು ಕಲಿಯಲಿ. ನೈಟ್ ಡ್ಯೂಟಿಯವರನ್ನು ಎಲ್ಲರೂ ಮರೆಯುತ್ತಾರೆ, ಆದರೆ ಸಹಾಯಕ್ಕೆ ಯಾರೂ ಇಲ್ಲದ ಹೊತ್ತಿನಲ್ಲಿ ಕೆಲಸ ಮಾಡುವವರು ಅವರೇ.

ಏಳನೇ ಹೆಜ್ಜೆ: ಆಭಾ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶವಿಡೀ ಶುರುವಾಯಿತು. ಅದರಲ್ಲಿ ಪ್ರತಿಯೊಬ್ಬರಿಗೂ ಆಭಾ ಅನ್ನುವ 14 ಅಂಕಿಯ ನಂಬರ್ ಸಿಗುತ್ತದೆ. ನಿಮ್ಮ ಆಸ್ಪತ್ರೆಯನ್ನು ಹೆಲ್ತ್ ಫೆಸಿಲಿಟಿ ರಿಜಿಸ್ಟ್ರಿಯಲ್ಲಿ, ಡಾಕ್ಟರುಗಳನ್ನು ಪ್ರೊಫೆಷನಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಿ. ಕೆಪಿಎಂಇ (ಕರ್ನಾಟಕದ ಖಾಸಗಿ ಆಸ್ಪತ್ರೆಗಳ ನೋಂದಣಿ) ಪ್ರಮಾಣಪತ್ರ ಕೈಯಲ್ಲಿಟ್ಟುಕೊಂಡು ಕೂತರೆ ಕೆಲಸ ಬೇಗ ಆಗುತ್ತದೆ. ಆಮೇಲೆ ಕೌಂಟರಿನಲ್ಲಿ ಕ್ಯೂಆರ್ ಕೋಡ್ ಹಾಕಿದರೆ, ಆಭಾ ಇರುವವರು ಫೋನಿನಲ್ಲಿ ಸ್ಕ್ಯಾನ್ ಮಾಡಿ ತಮ್ಮ ವಿವರ ತಾವೇ ಕಳಿಸಿ ಟೋಕನ್ ಪಡೆಯಬಹುದು. ರೋಗಿ ಒಪ್ಪಿದರೆ ನಿಮ್ಮ ಸಮ್ಮರಿಯನ್ನು ಮಂಗಳೂರಿನ ಡಾಕ್ಟರು ತಮ್ಮ ಪರದೆಯಲ್ಲೇ ನೋಡಬಹುದು, ಆ ಆಸ್ಪತ್ರೆಯೂ ಜೋಡಣೆಯಾಗಿದ್ದರೆ.

ಆಭಾ ಕಡ್ಡಾಯ ಅಲ್ಲ. ಅದು ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ಆಧಾರ್ ಒಟಿಪಿ ರೈಟರ್ ಫೋನಿಗೆ ಹೋಗುವಂತಿದ್ದರೆ ಅವತ್ತು ಆಭಾ ಮಾಡುವುದೇ ಬೇಡ. ಆಸ್ಪತ್ರೆಯ ನಂಬರ್ ಕೊಟ್ಟು ಚಿಕಿತ್ಸೆ ಮಾಡಿ. ಆಧಾರ್ ಜೆರಾಕ್ಸ್ ಫೈಲಿನಲ್ಲಿ ಸುಮ್ನೆ ಇಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡಿ.

ಗುಟ್ಟು ಗುಟ್ಟಾಗಿಯೇ ಇರಲಿ

ಸಣ್ಣ ಊರು. ಕೌಂಟರಿನ ಹುಡುಗನಿಗೆ ರೋಗಿ ಚಿಕ್ಕಪ್ಪ ಆಗಿರುತ್ತಾರೆ, ಲ್ಯಾಬಿನವರಿಗೆ ನೆರೆಮನೆಯವರು. ಕಾಗದದ ಫೈಲ್ ಇದ್ದಾಗ ರೆಕಾರ್ಡ್ ರೂಮಿಗೆ ಹೋಗಿ ಹುಡುಕಬೇಕಿತ್ತು, ಈಗ ಹೆಸರು ಟೈಪ್ ಮಾಡಿದರೆ ಸಾಕು. ಅದಕ್ಕೇ ಯಾರಿಗೆ ಎಷ್ಟು ಕಾಣಬೇಕು ಅಂತ ಮೊದಲೇ ತೀರ್ಮಾನಿಸಿ. ಕ್ಯಾಶ್ ಕೌಂಟರಿಗೆ ಬಿಲ್ ಸಾಕು, ರೋಗದ ವಿವರ ಬೇಡ. ಎಚ್‌ಐವಿ ರಿಪೋರ್ಟನ್ನು ಗುಟ್ಟಾಗಿಡಬೇಕು ಅಂತ 2017ರ ಕಾಯ್ದೆಯೇ ಇದೆ. ಅಂಥ ರಿಪೋರ್ಟ್ ಚಿಕಿತ್ಸೆ ಕೊಡುವ ಡಾಕ್ಟರಿಗೆ ಮಾತ್ರ ತೆರೆಯಬೇಕು.

ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ. "ಸಿಸ್ಟರ್123" ಅಂತ ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್ ಇದ್ದರೆ ಇಂಜೆಕ್ಷನ್ ಕೊಟ್ಟದ್ದು ಯಾರು ಅಂತ ಗೊತ್ತಾಗುವುದೇ ಇಲ್ಲ. ಯಾರು ಯಾವ ದಾಖಲೆ ತೆರೆದರು ಅನ್ನುವ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ, ನೋಡುತ್ತೀರಿ ಅಂತ ಎಲ್ಲರಿಗೂ ಹೇಳಿ. ಎಕ್ಸ್‌ರೇ ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದನ್ನು ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾ ಕಾಪಾಡಲು ಸರಿಯಾದ ಕ್ರಮ ತೆಗೆದುಕೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ದಂಡದ ಮಾತು ಬಿಡಿ, ಒಬ್ಬ ಹೆಣ್ಣುಮಗಳ ಗರ್ಭಪಾತದ ವಿಷಯ ಊರಿಗೆಲ್ಲ ಗೊತ್ತಾದರೆ ಅದನ್ನು ಯಾವ ದುಡ್ಡೂ ಸರಿಮಾಡುವುದಿಲ್ಲ.

ಬ್ಯಾಕಪ್ ತೆಗೆದರೆ ಸಾಲದು, ವಾಪಸ್ ತಂದು ನೋಡಿ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ಆಯಿತು. ಅಷ್ಟು ದೊಡ್ಡ ಸಂಸ್ಥೆ ಕೂಡ ಎಷ್ಟೋ ದಿನ ಕಾಗದ ಪೆನ್ನಿಗೆ ಮರಳಬೇಕಾಯಿತು. ನಮ್ಮಂಥ ಸಣ್ಣವರಿಗೆ ಯಾರು ಬರುತ್ತಾರೆ ಅಂತ ಅಂದುಕೊಳ್ಳಬೇಡಿ. ಇಂಥ ದಾಳಿಗೆ ಒಬ್ಬರು ತೆರೆಯಬಾರದ ಇಮೇಲ್ ತೆರೆದರೆ ಸಾಕು.

ದಾಖಲೆಯ ಮೂರು ಪ್ರತಿ ಇರಲಿ. ಒಂದು ಸರ್ವರಿನಲ್ಲಿ, ಒಂದು ಕ್ಲೌಡಿನಲ್ಲಿ, ಒಂದು ದಿನಾ ಸಂಜೆ ತೆಗೆದು ಕಿತ್ತಿಡುವ ಹಾರ್ಡ್ ಡಿಸ್ಕಿನಲ್ಲಿ. ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇದ್ದರೆ ವೈರಸ್ ಅದನ್ನೂ ತಿನ್ನುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ಅದಲು ಬದಲು ಮಾಡಿ, ಒಂದು ಆಸ್ಪತ್ರೆಯಿಂದ ಹೊರಗೆ, ಬೀಗದೊಳಗೆ ಇರಲಿ. ಎರಡನ್ನೂ ಪಾಸ್‌ವರ್ಡ್ ಇಲ್ಲದೆ ತೆರೆಯಲಾಗದಂತೆ ಎನ್‌ಕ್ರಿಪ್ಟ್ ಮಾಡಿಸಿ. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಬೇರೆ ಕಂಪ್ಯೂಟರಿಗೆ ದಾಖಲೆ ವಾಪಸ್ ತಂದು, ಹೋದ ವಾರದ ಒಬ್ಬ ರೋಗಿಯ ಸಮ್ಮರಿ ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್. ದಾಳಿ ಆದದ್ದು ಗೊತ್ತಾದರೆ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಅಂತ 2022ರಿಂದ ನಿಯಮ ಇದೆ. ಆ ವಿಳಾಸವನ್ನೂ ಮಳೆಗಾಲದ ಡಬ್ಬಿಯ ಮುಚ್ಚಳದಲ್ಲಿ ಬರೆದಿಡಿ.

ಶುರುವಾದ ಮೇಲೆ ಮೊದಲ ಆರು ತಿಂಗಳು ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲರೂ ಕೂರಿ. ಡಾಕ್ಟರು, ಹಿರಿಯ ಸಿಸ್ಟರ್, ಕೌಂಟರ್, ಲ್ಯಾಬ್, ಫಾರ್ಮಸಿ. ನೋಡಬೇಕಾದದ್ದು ಕೆಲವೇ. ಒಬ್ಬರಿಗೆ ಎರಡು ನಂಬರ್ ಆದದ್ದು ಈ ವಾರ ಎಷ್ಟು? ರಿಜಿಸ್ಟ್ರೇಷನ್‌ನಿಂದ ಡಾಕ್ಟರ ಕೋಣೆಗೆ ಎಷ್ಟು ಹೊತ್ತು? ಡಿಸ್ಚಾರ್ಜ್ ಅಂದ ಮೇಲೆ ರೋಗಿ ಮನೆಗೆ ಹೊರಡಲು ಎಷ್ಟು ಹೊತ್ತು? ಅಲರ್ಜಿ ಜಾಗ ಖಾಲಿ ಬಿಟ್ಟ ದಾಖಲೆಗಳು ಎಷ್ಟು? ಕಳಿಸಿದ ರೆಫರಲ್‌ಗಳಲ್ಲಿ ಎರಡನ್ನು ಆರಿಸಿ, ಮೈಸೂರಿನಲ್ಲೋ ಮಂಗಳೂರಿನಲ್ಲೋ ನೋಡಿದ ಡಾಕ್ಟರಿಗೆ ಫೋನ್ ಮಾಡಿ, ನಮ್ಮ ಸಮ್ಮರಿಯಲ್ಲಿ ಏನು ಬಿಟ್ಟುಹೋಗಿತ್ತು ಅಂತ ಕೇಳಿ. ಅವರು ಹೇಳಿದ ಅಂಶವನ್ನು ಮುಂದಿನ ಸೋಮವಾರದೊಳಗೆ ಫಾರ್ಮಿಗೆ ಸೇರಿಸಿ.